ಚಾವಣಿ ಹತ್ತಿದ ಶಿಷ್ಯ

ಹಾಲಯ್ಯಜ್ಜನವರಿಗೆ ಮಠವಿರಲಿಲ್ಲ. ಮಡಚುವ ಮನೆಯೊಂದಿತ್ತು.

ಹಳೆಯ ಜೀಪಿನ ಹಿಂದೆ ಕಟ್ಟಿಕೊಂಡು ಹೋಗುವ ಮನೆ. ಕೆಳಗೆ ತಗಡಿನ ಪೆಟ್ಟಿಗೆ, ಮೇಲೆ ತಗಡಿನ ಚಾವಣಿ. ತಂಗುವ ಜಾಗದಲ್ಲಿ ಹಿಡಿಕೆ ತಿರುಗಿಸಿದರೆ ಮೂಲೆಯ ಕಂಬಗಳೊಳಗಿಂದ ಕೊಳವೆಗಳು ಮೇಲೆದ್ದು ಚಾವಣಿಯನ್ನು ಎತ್ತಿ ಹಿಡಿಯುತ್ತಿದ್ದವು. ಸುತ್ತ ತಾಡಪತ್ರಿ ಇಳಿಬಿಟ್ಟರೆ ಮನೆಯಾಯಿತು. ಹೊರಡುವಾಗ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದರೆ ಚಾವಣಿ ಇಳಿದು ಡಬ್ಬಿಯ ಮುಚ್ಚಳದಂತೆ ಕೂತುಬಿಡುತ್ತಿತ್ತು.

ಜೊತೆಗೆ ಒಬ್ಬನೇ ಶಿಷ್ಯ, ಮರಿಸಿದ್ಧ. ಆಳು ದಪ್ಪ, ಭಕ್ತಿ ಅದಕ್ಕಿಂತ ದಪ್ಪ.

ಒಂದು ಮುಂಜಾನೆ ಹೊಳೆಯ ದಂಡೆಯಲ್ಲಿ ಮನೆ ಎದ್ದು ನಿಂತಿತ್ತು. ಅಜ್ಜ ಸ್ನಾನ ಮುಗಿಸಿ ಬಂದರು. ತಲೆಯೆತ್ತಿ ಚಾವಣಿ ನೋಡಿದರು.

"ನಡುವಿನ ತಗಡು ಬಿರಿದದ. ನೋಡು" ಅಂದರು.

"ಹೂಂ ಅಜ್ಜಾರ" ಅಂದ ಮರಿಸಿದ್ಧ.

ಅಜ್ಜ ಒಳಗೆ ಹೋಗಿ ಲಿಂಗಪೂಜೆಗೆ ಕೂತರು. ಎಡ ಅಂಗೈಯಲ್ಲಿ ಲಿಂಗ ಬಂತೆಂದರೆ ಮುಗಿಯಿತು. ಅವರಾಗಿ ಏಳುವ ತನಕ ಯಾರೂ ಮಾತಾಡಿಸುವಂತಿಲ್ಲ.

ಮರಿಸಿದ್ಧ ಡಾಂಬರು ಕಾಯಿಸಿದ. ಅರಿವೆ ಹರಿದಿಟ್ಟುಕೊಂಡ. ಹಿಡಿಕೆಗೆ ಕೈ ಹಾಕಿದವನು ತಡೆದ. ಚಾವಣಿ ಇಳಿಸಿದರೆ ಅಜ್ಜನವರ ತಲೆಯ ಮೇಲೇ ಇಳಿಯುತ್ತದೆ. ಇಳಿಸಬೇಕೆಂದರೆ ಅವರು ಏಳಬೇಕು.

ಹೊಳೆಯಾಚೆ ಮೋಡ ಕಪ್ಪಾಗಿತ್ತು. ಸೋರಿದರೆ ಪೂಜೆಯ ಮೇಲೇ ಸೋರುತ್ತದೆ.

ಏಣಿಯನ್ನು ಚಾವಣಿಯ ಮೂಲೆಗೆ ಆನಿಸಿದ. ಗುರುವಿನ ನೆತ್ತಿಯ ಮೇಲೆ ಕಾಲಿಡಬೇಕಲ್ಲ ಎಂದು ಮನಸ್ಸು ಅಳುಕಿತು. ತಗಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ತಪ್ಪಾಯಿತು ಎಂದು ಬೇಡಿಕೊಂಡ. ಆಮೇಲೆ ಹತ್ತಿದ.

ಅಂಬೆಗಾಲಿಟ್ಟು ನಡುವಿಗೆ ಹೋದ. ಸದ್ದಾಗಬಾರದೆಂದು ಉಸಿರು ಹಿಡಿದಿದ್ದ. ಬಿರುಕು ಕಂಡಿತು. ಏಣಿಯ ತುದಿಗೆ ತೂಗುಹಾಕಿದ್ದ ಡಾಂಬರಿನ ಡಬ್ಬಿ ತರಲೆಂದು ಎದ್ದು ನಿಂತ.

ತಗಡು ಕಾಲಡಿಯಲ್ಲಿ ಕುಸಿಯಿತು. ಎಡಗಡೆಯ ಕಂಬ ಕಿರುಗುಟ್ಟಿ ವಾಲಿತು.

"ಮಲ್ಕೋ."

ಕೆಳಗಿನಿಂದ ಬಂದ ದನಿ. ಪೂಜೆಯ ಹೊತ್ತಿನಲ್ಲಿ ಆ ದನಿಯನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

"ಅಜ್ಜಾರ, ಪೂಜಿ..."

"ಮಲ್ಕೋ ಅಂದ್ನಿ."

ಮಲಗಿದ.

"ಕೈಕಾಲು ಅಗಲ ಚಾಚು."

ಚಾಚಿದ. ಕುಸಿಯುವುದು ನಿಂತಿತು. ಕಿರುಗುಟ್ಟುವುದು ನಿಲ್ಲಲಿಲ್ಲ. ಮರಿಸಿದ್ಧನ ಕೆನ್ನೆ ತಗಡಿಗೆ ಅಂಟಿತ್ತು. ಆ ತಗಡಿನ ಕೆಳಗೆ ಮುದುಕರು ಇದ್ದಾರೆ. ತಾನು ಬಿದ್ದರೆ ಅವರ ಮೇಲೇ ಬೀಳುತ್ತೇನೆ.

"ಅಜ್ಜಾರ, ನೀವು ಹೊರಗ ಹೋಗ್ರಿ."

"ನೀ ಮೊದಲು ಇಳಿ."

"ನಿಮ್ಮ ಮ್ಯಾಲ ಬೀಳ್ತೇನ್ರಿ."

"ಮಾತಾಡಬ್ಯಾಡ. ಮಾತಾಡಿದ್ರ ಹೊಟ್ಟಿ ಕುಣೀತದ. ಏಣಿ ಕಡೆ ಉರುಳು. ನಿಧಾನ."

ಉರುಳಿದ. ಆಕಾಶ ಕಂಡಿತು, ತಗಡು ಕಂಡಿತು, ಮತ್ತೆ ಆಕಾಶ. ಅಂಗಾಲಿಗೆ ಏಣಿ ಸಿಕ್ಕಿತು.

"ಎರಡೂ ಕೈಲೆ ಹಿಡಿ" ಅಂದಿತು ದನಿ.

ಹಿಡಿದ. ಇಳಿದ. ಕಾಲು ಮರಳಿಗೆ ತಾಗಿದ್ದೇ ಅಲ್ಲೇ ಕೂತುಬಿಟ್ಟ.

ತಾಡಪತ್ರಿ ಸರಿಸಿ ಅಜ್ಜ ಹೊರಬಂದರು. ಅವರ ಬೆನ್ನ ಹಿಂದೆ ಚಾವಣಿ ಇನ್ನೊಂದು ಗೇಣು ವಾಲಿ ನಿಂತಿತು.

ಅಜ್ಜನವರ ಬರಿಯ ಹೆಗಲ ಮೇಲೆ ತುಕ್ಕಿನ ಗೆರೆ ಮೂಡಿತ್ತು. ಚಾವಣಿಯ ಒಳಗಿನ ಕಬ್ಬಿಣದ ಅಡ್ಡಪಟ್ಟಿ ಎಷ್ಟು ಅಗಲವೋ ಅಷ್ಟೇ ಅಗಲ.

ಮರಿಸಿದ್ಧ ಆ ಗೆರೆಯನ್ನು ನೋಡಿದ. ಇಷ್ಟು ಹೊತ್ತು ತನ್ನನ್ನು ಹೊತ್ತು ನಿಂತದ್ದು ಕಂಬವಲ್ಲ ಎಂದು ತಿಳಿಯಿತು. ಅವನಿಗೆ ಅಳು ಬಂತು. ಹಿಂದೆಯೇ, ಯಾಕೋ, ನಗುವೂ ಬಂತು.

"ಚಾ ಮಾಡು" ಅಂದರು ಅಜ್ಜ.

ಅರ್ಧ ಸಕ್ಕರೆ ಮರಳಿನ ಪಾಲಾಯಿತು. ಅಜ್ಜ ಸಪ್ಪೆ ಚಹಾ ಕುಡಿದರು.

ಚಹಾ ಮುಗಿದ ಮೇಲೆ ಒಳಗಿನ ಸಾಮಾನನ್ನೆಲ್ಲ ಹೊರಗಿಟ್ಟರು. ಇಬ್ಬರೂ ಹೊರಗಿನಿಂದ ಒತ್ತಿ ವಾಲಿದ ಕಂಬವನ್ನು ನೆಟ್ಟಗೆ ಮಾಡಿದರು. ಒಳಗೆ ಯಾರಾದರೂ ಇದ್ದಾರೆಯೇ ಎಂದು ಅಜ್ಜ ತಾಡಪತ್ರಿ ಎತ್ತಿ ನೋಡಿದರು.

"ಇಬ್ಬರೇ ಇದ್ದೀವಲ್ರಿ ಅಜ್ಜಾರ. ಒಳಗ ಯಾರಿರ್ತಾರ?"

"ನೋಡೋದೊಂದು ರೂಢಿ ಇರ್ಲಿ."

ಹಿಡಿಕೆ ತಿರುಗಿತು. ಚಾವಣಿ ಇಳಿಯಿತು. ಇಳಿದಿಳಿದು ಮರಿಸಿದ್ಧನ ಎದೆಯ ಮಟ್ಟಕ್ಕೆ ಬಂದು ಪೆಟ್ಟಿಗೆಯ ಮೇಲೆ ಕೂತಿತು.

ಮರಿಸಿದ್ಧ ಅದನ್ನೇ ನೋಡುತ್ತ ನಿಂತ. ದಿನಾ ನೋಡಿದ್ದೇ. ಹೊರಡುವ ದಿನವೆಲ್ಲ ಅದರ ಧೂಳನ್ನು ನೆಲದ ಮೇಲೆ ನಿಂತೇ ಒರೆಸಿದ್ದ.

"ಇದು ಇಲ್ಲಿಗೇ ಬರ್ತಿತ್ತು" ಅಂದ.

"ನನ್ನ ಕರದಿದ್ರ ಬರ್ತಿತ್ತು" ಅಂದರು ಅಜ್ಜ.

ಬಿರುಕು ನಡುವೆ ಇತ್ತು. ಕೈ ಎಟುಕಲಿಲ್ಲ. ಅಜ್ಜ ಮಲಗುವ ಹಲಗೆಯನ್ನು ತಂದು ಅಡ್ಡ ಹಾಸಿದರು. ಅದರ ಒಂದು ತುದಿ ಈ ಅಂಚಿನ ಮೇಲೆ, ಇನ್ನೊಂದು ಆ ಅಂಚಿನ ಮೇಲೆ. ತಗಡಿನ ನಡುವಿಗೆ ಭಾರವೇ ತಾಗಲಿಲ್ಲ.

"ಹೊಟ್ಟಿ ಮ್ಯಾಲ ಹೋಗು" ಅಂದರು.

ಮರಿಸಿದ್ಧ ಹಲಗೆಗೆ ಕೈ ಹಚ್ಚಿದ. ಹಿಂದೆ ತೆಗೆದ. "ಅಂಜಿಕಿ ಬರ್ತದ್ರಿ."

ಅಜ್ಜ ಅವನ ಸೊಂಟದ ಧೋತರವನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹೋಗು. ನಿನ್ನ ತೂಕ ನನಗ ಗೊತ್ತಾಗೇದ."

ಮರಿಸಿದ್ಧ ನಕ್ಕ. ನಗುತ್ತಲೇ ಹಲಗೆಯ ಮೇಲೆ ಹೊಟ್ಟೆ ಊರಿ ಸರಿದ. ಅರಿವೆ ಇಟ್ಟ, ಡಾಂಬರು ಬಳಿದ, ಅಂಚು ಒತ್ತಿದ. ಅಜ್ಜನವರ ಹಿಡಿತ ಸಡಿಲವಾಗಲಿಲ್ಲ.

ಡಾಂಬರು ಆರಿತು. ಮನೆಯನ್ನು ಮತ್ತೆ ಎತ್ತಿದರು. ಸಾಮಾನು ಒಳಗಿಟ್ಟು ಮುಗಿಯುವಷ್ಟರಲ್ಲಿ ಮಳೆ ಹೊಳೆ ದಾಟಿ ಬಂತು.

ಒಳಗೆ ಇಬ್ಬರೂ ತಲೆಯೆತ್ತಿ ಕೂತರು. ತಗಡಿನ ಮೇಲೆ ಮಳೆ ಜೋರಾಗಿ ಸುರಿಯಿತು. ಒಂದು ಹನಿ ಕೂಡ ಒಳಗೆ ಬೀಳಲಿಲ್ಲ. ಮರಿಸಿದ್ಧನ ಎದೆಯಲ್ಲಿ ಮುಂಜಾನೆಯಿಂದ ಬಿಗಿದಿದ್ದದ್ದು ಆಗ ಬಿಚ್ಚಿಕೊಂಡಿತು.

ಒಂದು ಮಾತ್ರ ಉಳಿದಿತ್ತು.

"ಅಜ್ಜಾರ."

"ಹೂಂ."

"ನಿಮ್ಮನ್ನ ಎಬ್ಬಿಸಬಾರದು ಅಂತ ಹತ್ತಿದೆ. ಕಡೀಕೆ ಎಬ್ಬಿಸಿಯೇ ಬಿಟ್ಟೆ."

ಅಜ್ಜ ತುಕ್ಕು ಹತ್ತಿದ ಹೆಗಲನ್ನು ಒದ್ದೆ ಅರಿವೆಯಿಂದ ಒರೆಸಿಕೊಳ್ಳುತ್ತಿದ್ದರು.

"ನನ್ನಿಂದ ಪೂಜಿ ಅರ್ಧಕ್ಕ ನಿಂತಿತು" ಅಂದ ಮರಿಸಿದ್ಧ. "ಇದಕ್ಕ ಏನು ಪ್ರಾಯಶ್ಚಿತ್ತ?"

ಅಜ್ಜ ಅರಿವೆ ಹಿಂಡಿದರು. ಕೊಡವಿ ಹಗ್ಗಕ್ಕೆ ಹಾಕಿದರು.

"ನಿಂತಿರಲಿಲ್ಲ" ಅಂದರು. "ನಿನ್ನ ಕಾಲು ನೆಲಕ್ಕ ಹತ್ತಿದಾಗ ಮುಗೀತು."