ಗೋಡೆಗೆ ಮುಖ ಮಾಡಿದ ಬಾಣಲೆ

ಹಬ್ಬದ ಚಕ್ಕುಲಿ ಕರಿದು ಮುಗಿದಾಗ ಹಳೇ ಬಟ್ಟೆಯ ಚೂರು ಬಾಣಲೆಗೆ ಹೇಳಿತು: "ಉಳಿದ ಎಣ್ಣೆಯನ್ನು ಮೊದಲು ನನ್ನಿಂದ ಒರೆಸಿಕೊ."

"ನಿನ್ನಂಥ ಚಿಂದಿ ನನ್ನನ್ನು ಮುಟ್ಟುವುದೇ?" ಎಂದ ಬಾಣಲೆ, ಎಣ್ಣೆಯನ್ನೆಲ್ಲ ಕೆರೆಗೆ ಹರಿಯುವ ಮೋರಿಗೆ ಸುರಿದು, ತೊಳೆಸಿಕೊಂಡು, ಹೊಳೆಯುವ ಮುಖವನ್ನು ಹೊರಗೆ ಮಾಡಿ ಮೊಳೆಯಲ್ಲಿ ನೇತಾಡಿತು.

ಮರುದಿನ ಕೆರೆಯ ಕೊಕ್ಕರೆ ಅಡುಗೆಮನೆಯ ಬಾಗಿಲಿಗೆ ಬಂದು ಬಾಣಲೆಯನ್ನು ಕರೆಯಿತು. "ಅಕ್ಕಾ, ಒಂದು ಹಿಡಿ ಬೂದಿ ಇದ್ದರೆ ಕೊಡು. ಕೆರೆಯ ತುಂಬ ಏನೋ ಜಿಡ್ಡು. ರೆಕ್ಕೆ ಅಂಟಿಕೊಂಡು, ಹಾರಲಾಗದೆ ನಡೆದೇ ಬಂದೆ."

ಬಾಣಲೆ ಅಯ್ಯೋ ಪಾಪ ಎನ್ನಲು ಹೊರಟಿತು. ಅಷ್ಟರಲ್ಲಿ ಆ ರೆಕ್ಕೆಯಿಂದ ಚಕ್ಕುಲಿಯ ವಾಸನೆ ಬಂತು.

"ಈ ಜಿಡ್ಡು ಯಾರ ಮನೆಯದೋ, ನಿನಗೇನಾದರೂ ಗೊತ್ತೇ?" ಎಂದು ಕೇಳಿತು ಕೊಕ್ಕರೆ.

ಬಾಣಲೆ ಮೆಲ್ಲಗೆ ಗೋಡೆಯ ಕಡೆ ತಿರುಗಿತು. ಇಂದಿಗೂ ಅದು ಮಸಿ ಹಿಡಿದ ಬೆನ್ನನ್ನೇ ನಮಗೆ ತೋರಿಸಿಕೊಂಡು ನೇತಾಡುತ್ತದೆ.