ಅಸಲಿ ಕಾರು ಗುರುತಿಸಿದ ಹುಲಿಗೆವ್ವ

"ಮಸಿಗಿರಿಯ ಪ್ರಜೆಗಳೇ, ಕಿವಿಗೊಟ್ಟು ಕೇಳಿ! ನಮ್ಮ ದೊರೆ ರಣಭೂಪರ ಬಳಿ ನೂರು ಕಾರುಗಳಿವೆ. ಅವುಗಳ ಬಗ್ಗೆ ದೊರೆಗಳು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವರು ಇಷ್ಟಪಟ್ಟ ಕಾರನ್ನು ಒಯ್ಯಬಹುದು, ಜೊತೆಗೆ ಒಂದು ವರ ಕೇಳಬಹುದು. ಒಂದು ತಪ್ಪಿದರೂ ಅಮಾವಾಸ್ಯೆಯ ದಿನ ತಲೆ ಹೋಗುತ್ತದೆ!"

ಡಂಗುರದವನು ಹೀಗೆ ಸಾರುತ್ತ ಟಿಂಕರ್ ಓಣಿಗೆ ಬಂದಾಗ ಹುಲಿಗೆವ್ವ ಹಳೆಯ ವ್ಯಾನೊಂದರ ನೆಗ್ಗಿದ ಬಾಗಿಲನ್ನು ಬಡಿದು ಸಮ ಮಾಡುತ್ತಿದ್ದಳು. ಅದು ಅವಳ ಅಪ್ಪ ದ್ಯಾವಣ್ಣ ಅರ್ಧಕ್ಕೆ ಬಿಟ್ಟುಹೋದ ಕೆಲಸ. ಎಂಟು ದಿನದ ಹಿಂದೆ ದೊರೆ ಅವನನ್ನು ಕಾರು ರಿಪೇರಿಗೆ ಕರೆಸಿಕೊಂಡಿದ್ದ. ದೊರೆ ಪ್ರಾಣಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದ ಕೆಂಪು ಕಾರನ್ನು ಕಂಡ ದ್ಯಾವಣ್ಣ, "ಇದು ಅಸಲಿ ಅಲ್ಲ, ಸ್ವಾಮಿ" ಅಂದುಬಿಟ್ಟ. ಅಂದೇ ಸೆರೆಮನೆ ಸೇರಿದ. ಅವನ ತಲೆಗೂ ಅಮಾವಾಸ್ಯೆಯೇ ಗಡುವು. ಆ ಮಾತು ದೊರೆಗೆ ಎಷ್ಟು ಚುಚ್ಚಿತ್ತೆಂದರೆ, ಕಾರಿನ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ತೋರಿಸಲೆಂದೇ ಈ ಡಂಗುರ ಹೊಡೆಸಿದ್ದ.

"ನಿಮ್ಮಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಆಗ್ತಿತ್ತು," ಎಂದಳು ಪಕ್ಕದ ಮನೆಯ ಗಂಗಕ್ಕ.

"ಅಪ್ಪ ಸುಳ್ಳು ಹೇಳಲಿಲ್ಲವಲ್ಲ, ಅಕ್ಕ," ಎಂದು ಹುಲಿಗೆವ್ವ ಸುತ್ತಿಗೆ ಕೆಳಗಿಟ್ಟಳು. ಮಸಿ ಮೆತ್ತಿದ ಸೀರೆಯಲ್ಲೇ ಅರಮನೆಗೆ ನಡೆದಳು.

ಕಾರುಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಜನ ಕಿಕ್ಕಿರಿದಿದ್ದರು. ದೊರೆ ಮೊದಲ ಒಗಟು ಹಾಕಿದ: "ಮೈಮೇಲೆ ಒಡವೆಯಿಲ್ಲ, ಮುಖಕ್ಕೆ ಅಲಂಕಾರವಿಲ್ಲ. ಬಡವರ ಮನೆಯದೆಂದು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಓಟಕ್ಕೆ ನಿಂತರೆ ಸಿರಿವಂತರ ಕಾರುಗಳು ಅದರ ಧೂಳು ಕುಡಿಯುತ್ತವೆ. ನೂರರಲ್ಲಿ ಯಾವುದು ಅದು?"

ಜಮೀನ್ದಾರ ವಿರೂಪರಾಜ ಮುಂದೆ ಬಂದು ಕಪ್ಪು ಪಟ್ಟೆಗಳಿದ್ದ ಹಳದಿ ಕಾರನ್ನು ತೋರಿಸಿದ. ದೊರೆ ಅಲ್ಲವೆಂದು ತಲೆಯಾಡಿಸಿದ. ಭಟರು ಅವನನ್ನು ಎಳೆದೊಯ್ದರು. ಪರದೇಶದಲ್ಲಿ ಓದಿ ಬಂದಿದ್ದ ಎಂಜಿನಿಯರ್ ಪಟ್ಟಾಭಿ ಬೆವರು ಒರೆಸಿಕೊಳ್ಳುತ್ತ ಹತ್ತು ಸುತ್ತು ಹೊಡೆದ. ಕೊನೆಗೆ ಉದ್ದ ಮೂತಿಯ ಬಿಳಿ ಕಾರಿನ ಮೇಲೆ ಕೈಯಿಟ್ಟ. ಅವನೂ ಸೆರೆಮನೆಗೆ ಹೋದ. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಹುಲಿಗೆವ್ವ ಬಂದಳು. "ದೊರೆಗೆ ತಲೆ ಬಾಗಿಸು," ಎಂದು ಭಟನೊಬ್ಬ ಗದರಿದ.

"ನಮ್ಮಪ್ಪನ ಕೈಗೆ ಬೇಡಿ ತೊಡಿಸಿದವರಿಗೆ ಬಾಗಿಸಲ್ಲ," ಎಂದಳು. "ಸೋತರೆ ಹೇಗೂ ಕಡೀತೀರಲ್ಲ, ಅಲ್ಲೀವರೆಗೆ ನೆಟ್ಟಗಿರಲಿ."

ಅವಳು ಬಣ್ಣ ನೋಡಲಿಲ್ಲ. ಒಂದೊಂದು ಕಾರಿನ ಬಳಿಯೂ ಕುಕ್ಕರಗಾಲಲ್ಲಿ ಕೂತು ಅಡಿಯಲ್ಲಿ ಕಣ್ಣಾಡಿಸಿದಳು. ಕೊನೆಯ ಮೂಲೆಯಲ್ಲಿ, ಚಕ್ರಕ್ಕೆ ಮುಚ್ಚಳವೂ ಇಲ್ಲದ ಬೂದು ಕಾರಿನ ಹತ್ತಿರ ನಿಂತಳು. "ಇದೇ. ಮೇಲ್ನೋಟಕ್ಕೆ ಗುಮಾಸ್ತರ ಕಾರು. ಆದರೆ ಹಿಂದಿನ ಸ್ಪ್ರಿಂಗ್ ಪಟ್ಟಾಗಳು ದಪ್ಪ, ಹೊಗೆಕೊಳವೆ ಎರಡು, ರೇಡಿಯೇಟರ್ ಅಗಲ. ಇಷ್ಟೆಲ್ಲ ಬೇಕಾಗೋದು ದೊಡ್ಡ ಎಂಜಿನ್‌ಗೆ ಮಾತ್ರ."

ದೊರೆಯ ಹುಬ್ಬು ಮೇಲೇರಿತು. "ಸರಿ. ಎರಡನೆಯದು ಕೇಳು. ಅದೇ ಕಾರಿನೊಳಗೆ ಮೂರು ವಸ್ತುಗಳಿಲ್ಲ. ಯಾರೂ ಕದ್ದಿಲ್ಲ, ಎಲ್ಲೂ ಕಳೆದಿಲ್ಲ. ಅವು ಇದ್ದಿದ್ದರೆ ಅದು ಇಷ್ಟು ಅಪರೂಪವಾಗುತ್ತಿರಲಿಲ್ಲ. ಯಾವುವು? ಏಕಿಲ್ಲ?"

ಅವಳು ಬಾಗಿಲು ತೆರೆದು ಒಳಗೆ ಕೈಯಾಡಿಸಿದಳು. "ರೇಡಿಯೋ ಇಲ್ಲ, ಗಡಿಯಾರ ಇಲ್ಲ, ನೆಲಹಾಸು ಇಲ್ಲ. ರೇಡಿಯೋ ಕೂರಬೇಕಾದ ಕಡೆ ತಗಡನ್ನು ಕೊರೆದೇ ಇಲ್ಲ, ಅಂದರೆ ಕಾರ್ಖಾನೆಯಿಂದಲೇ ಹೀಗೆ ಬಂದದ್ದು. ಕೊಂಡವನ ಕೈಯಲ್ಲಿ ಸೊಗಸಿಗೂ ಎಂಜಿನ್‌ಗೂ ಎರಡಕ್ಕೂ ಆಗೋವಷ್ಟು ದುಡ್ಡು ಇರಲಿಲ್ಲ. ಸೊಗಸು ಬೇಡ, ಶಕ್ತಿ ಕೊಡಿ ಅಂದ. ಹಾಗೆ ಕೇಳಿದವರು ಬೆರಳೆಣಿಕೆ. ಅದಕ್ಕೇ ಇದು ಅಪರೂಪ."

ಜನ ಹೋ ಎಂದರು. ದೊರೆಯ ಮುಖ ಬಿಗಿಯಿತು. ಒಂದೇ ಅಚ್ಚಿನಲ್ಲಿ ತೆಗೆದಂತಿದ್ದ ಎರಡು ಕೆಂಪು ಕಾರುಗಳನ್ನು ಮುಂದಕ್ಕೆ ತಳ್ಳಿಸಿದ. ಬಲಗಡೆಯದು ದರ್ಪಣದಂತೆ ಹೊಳೆಯುತ್ತಿತ್ತು. ಎಡಗಡೆಯದಕ್ಕೆ ತುಕ್ಕು ಹಿಡಿದಿತ್ತು. "ನೋಡಲು ಅವಳಿಗಳು. ಒಂದು ಹುಟ್ಟಿನಿಂದಲೇ ಬಲಶಾಲಿ, ಇನ್ನೊಂದು ವೇಷ ಹಾಕಿದ್ದು. ವೇಷದ್ದು ಯಾವುದು?"

ಅಪ್ಪ ಯಾವ ಕಾರಿನ ಬಗ್ಗೆ ಮಾತಾಡಿದ್ದನೆಂದು ಅವಳಿಗೆ ಗೊತ್ತಿತ್ತು. ದೊರೆಗೆ ಯಾವ ಉತ್ತರ ಬೇಕೆಂಬುದೂ ಗೊತ್ತಿತ್ತು. ಎರಡರ ಅಡಿಗೂ ನುಸುಳಿ, ಸಾವಕಾಶವಾಗಿ ನೋಡಿ ಎದ್ದಳು.

"ಹೊಳೆಯೋದೇ ವೇಷದ್ದು," ಎಂದಳು.

ಭಟರು ಕತ್ತಿ ಹಿರಿದರು. "ಅಪ್ಪನ ಹಾಗೇ ಮಗಳು!" ಎಂದು ದೊರೆ ಗುಡುಗಿದ.

"ಹೌದು, ಅವನ ಮಗಳೇ. ಕಡಿಯೋ ಮುಂಚೆ ಒಂದು ಸಲ ಅಡಿಗೆ ಬಗ್ಗಿ ನೋಡಿ. ಎಂಜಿನ್ ಕೂರೋ ಪೀಠ ಆಮೇಲೆ ಬೆಸುಗೆ ಹಾಕಿದ್ದು. ಪಕ್ಕದಲ್ಲೇ ಸಣ್ಣ ಎಂಜಿನ್‌ನ ಹಳೇ ತೂತುಗಳಿವೆ, ಪುಟ್ಟಿ ಹಾಕಿ ಮುಚ್ಚಿದ್ದಾರೆ. ತುಕ್ಕು ಹಿಡಿದದ್ದರಲ್ಲಿ ಆ ತೂತುಗಳೇ ಇಲ್ಲ. ಇಷ್ಟು ವರ್ಷ ಮೇಲೇ ಒರೆಸಿದಿರಿ ಸ್ವಾಮಿ, ಕೆಳಗೆ ನೋಡಲೇ ಇಲ್ಲ."

ದೊರೆ ಎದ್ದ. ಕಿರೀಟ ತೆಗೆದು ಸಿಂಹಾಸನದ ಮೇಲಿಟ್ಟ. ರೇಷ್ಮೆ ಅಂಗಿಯಲ್ಲೇ ನೆಲಕ್ಕೆ ಮಲಗಿ ಕಾರಿನಡಿಗೆ ತೆವಳಿದ. ಬಹಳ ಹೊತ್ತು ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ಪುಟ್ಟಿ ಕೆರೆಯುವ ಸದ್ದು ಕೇಳಿತು. ಹೊರಬಂದಾಗ ಅವನ ಉಗುರಿನಲ್ಲಿ ಬಿಳಿ ಪುಡಿಯಿತ್ತು, ಕೆನ್ನೆಗೆ ಗ್ರೀಸ್ ಮೆತ್ತಿತ್ತು.

"ನನಗೇ ಮೋಸ ಮಾಡಿ ಮಾರಿದ್ದಾರೆ," ಎಂದ ಮೆಲ್ಲಗೆ. ಆಮೇಲೆ ಎಲ್ಲರಿಗೂ ಕೇಳುವಂತೆ, "ದ್ಯಾವಣ್ಣ ಹೇಳಿದ್ದೇ ನಿಜ. ತಪ್ಪು ನನ್ನದು. ಕಾರು ಆರಿಸಿಕೋ, ತಾಯಿ. ವರ ಕೇಳು."

"ಬೂದು ಕಾರು ಕೊಡಿ. ಸೆರೆಮನೆಯಲ್ಲಿರೋ ಮೂವರನ್ನೂ ಬಿಡಿ."

"ಒಬ್ಬನನ್ನು ಕೇಳುತ್ತೀಯೆಂದುಕೊಂಡಿದ್ದೆ."

"ಗೊತ್ತಿಲ್ಲದೆ ತಪ್ಪು ಹೇಳಿದರು ಅಂತ ತಲೆ ತೆಗೆಯೋದಾದರೆ, ಮೊದಲು ಯಾರದು ಹೋಗಬೇಕು, ದೊರೆ?"

ದೊರೆಗೆ ನಗು ಬಂತು, ನಾಚಿಕೆಯೂ ಆಯಿತು. ಮೂವರನ್ನೂ ಬಿಡಿಸಿದ. ತನ್ನ ಕಾರುಗಳ ಮೇಲ್ವಿಚಾರಣೆ ವಹಿಸಿಕೊಳ್ಳೆಂದು ಹುಲಿಗೆವ್ವನನ್ನು ಕೇಳಿದ. "ಓಣಿಗೇ ಕಳಿಸಿ, ಅಲ್ಲೇ ನೋಡ್ತೀವಿ," ಎಂದು ಅವಳು ಬೂದು ಕಾರಿನ ಬಾಗಿಲು ತೆರೆದಳು.

ದ್ಯಾವಣ್ಣ ಪಕ್ಕದಲ್ಲಿ ಕೂತ. ವಿರೂಪರಾಜ, ಪಟ್ಟಾಭಿ ಹಿಂದೆ ಮುದುರಿ ಕೂತರು. ಅವಳು ಕೀಲಿ ತಿರುಗಿಸಿದಳು. ಎಂಜಿನ್ ಗುಡುಗಿದ ಸದ್ದಿಗೆ ಅರಮನೆಯ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿದವು, ಹೆಬ್ಬಾಗಿಲ ಭಟರು ಅಪ್ಪಣೆಗೂ ಕಾಯದೆ ದಾರಿ ಬಿಟ್ಟರು.