ಜೋಡಾಘರದಲ್ಲಿ ಕಲಿತ ಮಾತು

ಪೂಜ್ಯ ಸಂತ ಹರದಿತ್ ಸಿಂಗ್‌ಜಿ ಅವರ ದರ್ಶನಕ್ಕೆಂದು ದೂರದಿಂದ ಬಂದವರು ಎಷ್ಟೋ ಸಲ ಅವರ ಕೈಗೇ ಚಪ್ಪಲಿ ಕೊಟ್ಟು ಒಳಗೆ ಹೋಗಿ, ಬಾಬಾಜಿ ಎಲ್ಲಿದ್ದಾರೆಂದು ವಿಚಾರಿಸುತ್ತಿದ್ದರು. ಬೀದರ ಸೀಮೆಯಲ್ಲಿ, ಮಾಂಜ್ರಾ ನದಿಯ ಕಡೆಗೆ ಇಳಿಯುವ ಕೆಂಪು ದಿಬ್ಬದ ಮೇಲಿನ ಆ ಪುಟ್ಟ ಗುರುದ್ವಾರದಲ್ಲಿ ಅವರಿಗೆಂದು ಗದ್ದುಗೆ ಇರಲಿಲ್ಲ. ಬಾಗಿಲ ಪಕ್ಕದ ಜೋಡಾಘರ, ಅಂದರೆ ಭಕ್ತರು ಪಾದರಕ್ಷೆ ಬಿಟ್ಟು ಹೋಗುವ ಕೋಣೆ, ಅದೇ ಅವರ ಪೀಠ. ಗೋಣಿತಟ್ಟಿನ ಮೇಲೆ ಕುಳಿತು ಬಂದವರ ಚಪ್ಪಲಿಯ ಧೂಳು ಒರೆಸಿ ಜೋಡಿ ಮಾಡಿ ಇಡುವುದು ಅವರು ತಾವಾಗಿ ಆರಿಸಿಕೊಂಡ ಸೇವೆ. ಹರೆಯದಲ್ಲಿ ಪಂಜಾಬಿನಿಂದ ಬಂದವರು ಮುಪ್ಪಿನವರೆಗೂ ಆ ಮೂಲೆ ಬಿಟ್ಟೇಳಲಿಲ್ಲ. ಉಪದೇಶ ಬೇಡಿದವರಿಗೆ, ಗುರುಗಳು ಒಳಗಿದ್ದಾರೆ, ಅವರನ್ನು ಕೇಳು ಎಂದು ಬಾಗಿಲು ತೋರಿಸುತ್ತಿದ್ದರು; ಸಿಖ್ಖರಿಗೆ ಒಳಗಿನ ಪವಿತ್ರ ಗ್ರಂಥವೇ ಗುರು.

ಆ ಕೋಣೆಯ ಹೊಸ್ತಿಲಿಗೆ ಒಂದು ಮಧ್ಯಾಹ್ನ ಬಚಿತ್ತರ್ ಸಿಂಗ್ ಬಂದು ನಿಂತ. ಕೂದಲು ಬೆನ್ನ ಮೇಲೆ ಕೆದರಿತ್ತು. ಬಿಚ್ಚಿದ ಪೇಟವನ್ನು ಕಂಕುಳಲ್ಲಿ ಅವುಚಿಕೊಂಡಿದ್ದ. ಹಿಂದಿನ ದಿನ ತಾಯಿಯನ್ನು ಮಣ್ಣು ಮಾಡಿ ಬಂದಿದ್ದ.

ಈ ಬಚಿತ್ತರ್ ಸಿಂಗ್ ಹುಟ್ಟಿನಿಂದ ಬಂಡೆಪ್ಪ, ದಿಬ್ಬದ ಕೆಳಗಿನ ಹಳ್ಳಿಯವನೇ. ಆ ಊರಿನ ಹೋಟೆಲಿನಲ್ಲಿ ಅವನ ಕೇರಿಯವರಿಗೆ ಚಹಾದ ಕಪ್ಪು ಬೇರೆ ಇರುತ್ತಿತ್ತು. ಕುಡಿದು, ತಾವೇ ತೊಳೆದು, ಹೊರಗೋಡೆಯ ಗೂಡಿನಲ್ಲಿ ಮಗುಚಿಡಬೇಕು. ಹಾಗೆ ಬೆಳೆದವನು ಒಮ್ಮೆ ಟ್ರ್ಯಾಕ್ಟರ್ ರಿಪೇರಿಗೆಂದು ಗುರುದ್ವಾರಕ್ಕೆ ಬಂದಾಗ ಲಂಗರಿನಲ್ಲಿ, ಅಂದರೆ ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣುವ ಅಲ್ಲಿನ ದಾಸೋಹದಲ್ಲಿ, ಊಟಕ್ಕೆ ಕೂರಿಸಿದರು. ಅಕ್ಕಪಕ್ಕದಲ್ಲಿ ಯಾರು ಕೂತಿದ್ದಾರೆಂದು ಯಾರೂ ನೋಡಲಿಲ್ಲ. ಬಡಿಸುವವರು ಅವನ ಹೆಸರನ್ನೂ ಕೇಳದೆ, ಇನ್ನೊಂದು ರೊಟ್ಟಿ ಬೇಕೇ ಎಂದಷ್ಟೇ ಕೇಳಿದರು. ಬಂಡೆಪ್ಪ ತಟ್ಟೆಯ ಮುಂದೆಯೇ ಅತ್ತುಬಿಟ್ಟ. ಮುಂದೆ ಕೇಶ ಬೆಳೆಸಿದ, ಅಮೃತ ಸ್ವೀಕರಿಸಿ ಸಿಖ್ಖನಾದ, ಹೊಸ ಹೆಸರು ಪಡೆದ. ಅವನ ಭಕ್ತಿಯಲ್ಲಿ ಕಪಟವಿರಲಿಲ್ಲ. ಈ ಪ್ರಸಂಗ ಓದುವವರು ಅದನ್ನು ಮರೆಯಬಾರದು.

ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಹೊಸದಾಗಿ ಒಂದು ದಾರಿಗೆ ಬಂದವರಿಗೆ, ಹುಟ್ಟಿನಿಂದ ಆ ದಾರಿಯಲ್ಲಿ ಇದ್ದವರಿಗಿಂತ ಅವಸರ ಜಾಸ್ತಿ. ಬಚಿತ್ತರ್ ಸಿಂಗ್ ಜೋಳದ ರೊಟ್ಟಿ ಬಿಟ್ಟ. ಸಾಸಿವೆ ಸೊಪ್ಪು ಹೊಟ್ಟೆಗೆ ಒಗ್ಗದಿದ್ದರೂ ಪಟ್ಟು ಹಿಡಿದು ತಿಂದ. ಚಳಿಗಾಲದಲ್ಲೂ ದೊಡ್ಡ ಲೋಟದಲ್ಲಿ ಲಸ್ಸಿ ಕುಡಿದು ಕೆಮ್ಮುತ್ತ ತಿರುಗಿದ. ಲುಧಿಯಾನದ ಕಡೆಯ ಲಾರಿ ಡ್ರೈವರುಗಳು ಅವನ ಮಾತು ಕೇಳಿ, ಇವನ ಮುಂದೆ ನಮ್ಮ ಪಂಜಾಬಿ ಸಪ್ಪೆ ಎಂದು ನಗುತ್ತಿದ್ದರು. ಅವನು ಅದನ್ನು ಹೊಗಳಿಕೆಯೆಂದೇ ತಿಳಿದ. ಎಲ್ಲಕ್ಕಿಂತ ಮಿಗಿಲಾಗಿ, ಇನ್ನು ಕನ್ನಡದಲ್ಲಿ ತುಟಿ ಬಿಚ್ಚುವುದಿಲ್ಲವೆಂದು ತನಗೆ ತಾನೇ ಒಂದು ನೇಮ ಹಾಕಿಕೊಂಡ. ಗ್ರಂಥ ಓದುವ ಗ್ರಂಥಿಗಳು ಹಾಗೆ ಹೇಳಿರಲಿಲ್ಲ, ಬಾಬಾಜಿ ಹೇಳಿರಲಿಲ್ಲ, ಗುರುಗಳಂತೂ ಹೇಳಿರಲೇ ಇಲ್ಲ. ದೂರ ನಿಲ್ಲು ಎಂದು ಜನ ಅವನನ್ನು ಗದರಿಸಿದ್ದು ಆ ಮಾತಿನಲ್ಲಿ ತಾನೆ, ಅದಕ್ಕೇ ಅದರ ಮೇಲೆ ಸಿಟ್ಟು. ಅದೇ ಮಾತಿನಲ್ಲಿ ಒಬ್ಬಳು ಅವನನ್ನು ಹತ್ತಿರ ಕರೆಯುತ್ತಿದ್ದಳೆಂಬುದು ಆ ಸಿಟ್ಟಿನಲ್ಲಿ ಮರೆತೇಹೋಯಿತು.

ಆಕೆ ಕಾಶಮ್ಮ, ಅವನ ತಾಯಿ. ಪ್ರತಿ ಭಾನುವಾರ ದಿಬ್ಬ ಹತ್ತಿ, ಸೆರಗಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಮಗ ಎದುರಾದರೆ ಆಕೆಯದು ಒಂದೇ ಪ್ರಶ್ನೆ: "ಹೊಟ್ಟಿಗಿ ಏನರ ತಿಂದೀ ಏನೋ, ಬಂಡೂ?" ಅವನು ಕೈಮುಗಿದು "ಸತ್ ಶ್ರೀ ಅಕಾಲ್, ಮಾತಾಜಿ" ಎಂದು ಒಳಗೆ ಹೋಗಿಬಿಡುತ್ತಿದ್ದ. ಬುತ್ತಿ ಏನಾಗುತ್ತದೆ, ಸಂಜೆಯವರೆಗೆ ತಾಯಿ ಎಲ್ಲಿ ಕೂರುತ್ತಾಳೆ ಎಂದು ಒಮ್ಮೆಯೂ ತಿರುಗಿ ನೋಡಲಿಲ್ಲ.

ಆಮೇಲೆ ಕಾಶಮ್ಮ ಹಾಸಿಗೆ ಹಿಡಿದಳು. ಅವನ ಅಕ್ಕ, ಮಹಾದೇವಿ, ಓಡಿಬಂದು ಕರೆದಳು. ಅವನು ಹೋದ, ಹೋಗದೆ ಇರಲಿಲ್ಲ. ತಾಯಿಯ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಆಕೆಯ ಸದ್ಗತಿಗಾಗಿ ಗುರುವಾಣಿಯನ್ನು ದನಿಯೆತ್ತಿ ಪಠಿಸುವ ಪಾಠ ಹಿಡಿದ. ಕಾಶಮ್ಮನ ಕಣ್ಣು ಆಗಲೇ ಮಂಜಾಗಿದ್ದವು, ಇನ್ನು ದನಿಯೊಂದೇ ಗುರುತು.

"ಬಂಡೂ ಬಂದನೇನ?" ಎಂದಳು.

"ಇಲ್ಲೇ ಕುಂತಾನಲ್ಲಬೇ ಯವ್ವಾ, ನಿನ್ನ ಕೈ ಹಿಡದಾನ" ಎಂದಳು ಮಹಾದೇವಿ.

ಮುದುಕಿ ಕಿವಿಗೊಟ್ಟು ಕೇಳಿದಳು. ಕೇಳಿ, "ಇವ ಯಾವನೋ ಸಾಧು. ನನ್ನ ಬಂಡೂಗ ಕರೀರಿ" ಎಂದಳು.

"ಒಂದ ಸಲ ಯವ್ವಾ ಅನ್ನೋ" ಎಂದು ಅಕ್ಕ ಅವನ ಭುಜ ಹಿಡಿದು ಅಲುಗಿಸಿದಳು. ಹಿಡಿದ ಪಾಠವನ್ನು ನಡುವೆ ಬಿಟ್ಟು ಬೇರೆ ಮಾತಾಡಬಾರದೆಂದು ಅವನು ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದಿದ್ದ. ಇನ್ನೇನು ಸ್ವಲ್ಪವೇ ಉಳಿದಿದೆ, ಮುಗಿಸಿ ಅನ್ನುತ್ತೇನೆ ಎಂದುಕೊಂಡ. ಪಾಠ ಮುಗಿಯುವ ಮೊದಲೇ ಕಾಶಮ್ಮನ ಕೈ ತಣ್ಣಗಾಯಿತು.

ಇದಿಷ್ಟನ್ನೂ ಅವನು ಹೊಸ್ತಿಲಲ್ಲಿ ನಿಂತು ಪಂಜಾಬಿಯಲ್ಲೇ ಬಾಬಾಜಿಗೆ ಹೇಳಿದ. ನಾಲಿಗೆಗೆ ಬೇರೆ ದಾರಿ ತಪ್ಪಿಹೋಗಿತ್ತು. ಹೇಳಿ ಮುಗಿಸಿ ಪೇಟವನ್ನೂ ಸೊಂಟದಿಂದ ಬಿಚ್ಚಿದ ಕೃಪಾಣವನ್ನೂ ಚಪ್ಪಲಿಗಳ ನಡುವೆ ಇಡಲು ಬಾಗಿದ.

"ಇವನ್ನು ತೆಗೆದುಕೊಳ್ಳಿ. ಇಲ್ಲಿಯವನಾಗಲು ಅವಳನ್ನು ಬಿಟ್ಟೆ. ನಾನು ಬರಲೇ ಇಲ್ಲವೆಂದುಕೊಂಡು ಅವಳು ಹೋದಳು. ಇನ್ನು ನಾನು ಎಲ್ಲಿಯವನೂ ಅಲ್ಲ" ಎಂದ.

ಬಾಬಾಜಿ ಅವು ನೆಲಕ್ಕೆ ತಾಗದಂತೆ ಎರಡೂ ಕೈಯೊಡ್ಡಿ ಹಿಡಿದು, ತಮ್ಮ ಮಡಿಲಲ್ಲಿ ಇರಿಸಿಕೊಂಡರು. ಬಳಿಕ ಅವನ ಮುಖ ನೋಡಿ ಕೇಳಿದರು:

"ಹೊಟ್ಟಿಗಿ ಏನರ ತಿಂದೀ ಏನೋ, ಬಂಡೂ?"

ಕಾಶಮ್ಮನದೇ ಮಾತು, ಕಾಶಮ್ಮನದೇ ರಾಗ. ಬಂಡೂ ಎನ್ನುವಾಗ ಕೊನೆಯಲ್ಲಿ ತುಸು ಎಳೆಯುವುದೂ ಹಾಗೆಯೇ. ಪಂಜಾಬಿನ ಮುದುಕರ ಬಿಳಿಗಡ್ಡದ ನಡುವಿನಿಂದ ಅವನ ತಾಯಿ ಮಾತಾಡಿದ್ದಳು. ಅವನು ಹೊಸ್ತಿಲ ಮೇಲೆಯೇ ಕುಳಿತ.

"ಇದು ನಿಮಗೆ ಎಲ್ಲಿಂದ ಬಂತು?" ಎಂದು ಪಂಜಾಬಿಯಲ್ಲಿ ಕೇಳಿದ.

ಬಾಬಾಜಿ ಕನ್ನಡದಲ್ಲೇ ಉತ್ತರಿಸಿದರು. "ನಿಮ್ಮವ್ವ ಕಲಿಸ್ಯಾಳ. ಇಲ್ಲೇ ಕುಂತು."

ಆಗ ತಿಳಿದ ಸಂಗತಿ ಇಷ್ಟು. ಮಗ ಒಳಗೆ ಹೋದ ಮೇಲೆ ಕಾಶಮ್ಮ ಜೋಡಾಘರದಲ್ಲಿ ಬಂದು ಕೂರುತ್ತಿದ್ದಳು. ಮೊದಲು ಮಗನ ಚಪ್ಪಲಿ ಹುಡುಕಿ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು, ಆಮೇಲೆ ಉಳಿದವರದು. ಅಷ್ಟು ವರ್ಷ ಈ ನೆಲದಲ್ಲಿದ್ದರೂ ಬಾಬಾಜಿಗೆ ಬರ್ರಿ, ಹೋಗ್ರಿ ಎಂಬುದರ ಆಚೆ ಕನ್ನಡ ಬರುತ್ತಿರಲಿಲ್ಲ. ಕಾಶಮ್ಮನೇ ಒಂದು ದಿನ ಹೇಳಿದ್ದಳಂತೆ: "ನನ್ನ ಮಗ ಒಳಗ ನಿಮ್ಮ ಮಾತು ಆಡ್ತಾನ. ಹೊರಗ ನನ್ನ ಕೂಡ ಮಾತಾಡ್ಲಾಕ ಯಾರರ ಬೇಕಲ್ಲರಿ ಬಾಬಾ. ನೀವರ ಕಲೀರಿ." ಬಾಬಾಜಿ ಕಲಿತರು. ಬುತ್ತಿ ಬಿಚ್ಚಿ ಇಬ್ಬರೂ ಹಂಚಿಕೊಂಡು ಉಣ್ಣುತ್ತಿದ್ದರು. ಮಗ ಸಂಜೆ ಹೊರಬಂದು ಒರೆಸಿಟ್ಟ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ.

ಬಚಿತ್ತರ್ ಸಿಂಗ್ ಹಣೆಯನ್ನು ಗೋಡೆಗೆ ಒತ್ತಿಕೊಂಡ. ಅವನಿಗೆ ಬೇಕಾಗಿದ್ದುದು ಒಂದೇ ಒಂದು ಮಾತು. "ಬಾಬಾಜಿ, ಕೊನೆಗಾದರೂ ಅವಳಿಗೆ ಗೊತ್ತಾಗಿರಬಹುದೇ, ನಾನು ಬಂದಿದ್ದೆನೆಂದು?"

ಹೌದು ಎಂದರೆ ಅವನು ಬದುಕಿಕೊಳ್ಳುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ಹಾಗೆಯೇ ಅನ್ನುತ್ತಿದ್ದರು. ಆದರೆ ಸತ್ಪುರುಷರು ಸುಳ್ಳಿನಿಂದ ಕಣ್ಣೀರು ಒರೆಸುವವರಲ್ಲ.

"ಇಲ್ಲೋ ಮಗಾ" ಎಂದರು. "ಗೊತ್ತಾಗಿಲ್ಲ ಆಕಿಗಿ."

ಹೇಳುವಾಗ ಅವರ ಕಣ್ಣೂ ತುಂಬಿದ್ದವು. ಆಕೆ ಅವರಿಗೂ ಬುತ್ತಿ ತಂದ ತಾಯಿಯೇ ಅಲ್ಲವೇ.

ಆಮೇಲೆ ಬಾಬಾಜಿ ಎದ್ದರು. ಪೇಟದ ಬಟ್ಟೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾವು ಹಿಡಿದು ಅಂಗಳಕ್ಕೆ ಹಿಂದೆ ಹಿಂದೆ ಸರಿದರು. ಪೇಟದ ಉದ್ದನೆಯ ಬಟ್ಟೆಯನ್ನು ಮಡಚಲು ಇಬ್ಬರು ಬೇಕು. ಅಪ್ಪನಿಗೆ ಮಗ, ಅಣ್ಣನಿಗೆ ತಮ್ಮ ಹೀಗೆ ಎದುರು ನಿಂತು ಹಿಡಿದುಕೊಡುವುದು ಸಿಖ್ಖರ ಮನೆಗಳ ಮುಂಜಾನೆಯ ವಾಡಿಕೆ. ಬಚಿತ್ತರ್ ಸಿಂಗ್ ಈವರೆಗೆ ಬಟ್ಟೆಯ ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಒಬ್ಬನೇ ಮಡಚಿಕೊಳ್ಳುತ್ತಿದ್ದ. ಮುದಿ ಕೈಗಳು ಆ ಕಡೆಯಿಂದ ಎಳೆದು ಹಿಡಿದವು, ಈ ಕಡೆಯಿಂದ ಅವನು ಮಡಚಿದ, ಅಳುತ್ತಲೇ ಸುತ್ತಿಕೊಂಡ. ಬಾಬಾಜಿ ಕೃಪಾಣವನ್ನೂ ತಾವೇ ತೊಡಿಸಿದರು.

"ಅವಳಿಗಾಗಿ ಅರ್ದಾಸ್ ಮಾಡಿ, ಬಾಬಾಜಿ" ಎಂದು ಬೇಡಿಕೊಂಡ.

"ನಾ ಯಾಕ? ನೀನೇ ಮಾಡು. ಆಕಿಗಿ ತಿಳಿಯೋ ಮಾತಿನಾಗ ಮಾಡು."

ಅಷ್ಟೇ. ಮತ್ತೆ ಬಾಬಾಜಿ ಗೋಣಿತಟ್ಟಿನ ಮೇಲೆ ಕುಳಿತು ಯಾರದೋ ಚಪ್ಪಲಿ ಕೈಗೆತ್ತಿಕೊಂಡರು.

ಆ ಸಂಜೆ ಗುರುಗಳ ಸನ್ನಿಧಿಯಲ್ಲಿ ಭಕ್ತರ ಸಂಗತ್ ಸೇರಿತ್ತು. ಅರ್ದಾಸಿನ ಪ್ರಾರ್ಥನೆಗೆ ಎಲ್ಲರೂ ಎದ್ದು ನಿಂತರು. ಪಂಜಾಬಿಯಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲ ಬಚಿತ್ತರ್ ಸಿಂಗ್ ಕೈಮುಗಿದು ಮುಂದೆ ನಿಂತು ಬಾಯಿ ತೆರೆದ, ದನಿ ಹೊರಡಲಿಲ್ಲ. ಜನ ಕಾದರು. ಕಟ್ಟಕಡೆಗೆ ಬಾಯಿಂದ ಬಂದದ್ದು ಎರಡೇ ಮಾತು.

"ಯವ್ವಾ. ನಾ ಬಂದೀನಿ."

ಹಿಂದೆ ನಿಂತ ಲಾರಿ ಡ್ರೈವರುಗಳಿಗೆ ಅದರ ಅರ್ಥ ತಿಳಿದಿರಲಿಕ್ಕಿಲ್ಲ. ಆದರೂ ಎಲ್ಲರೂ ಒಂದೇ ಕೊರಳಿನಿಂದ ವಾಹೆಗುರು ಎಂದರು.

ಅಂದಿಗೆ ಅವನ ದುಃಖ ಕಳೆಯಿತೆಂದು ಬರೆದರೆ ಬಾಬಾಜಿಯವರಿಗೆ ಅಪಚಾರವಾದೀತು. ಕಳೆಯಲಿಲ್ಲ. ಬಾಬಾಜಿ ಗುರುಚರಣ ಸೇರಿದ ಮೇಲೆ ಆ ಗೋಣಿತಟ್ಟಿನ ಮೇಲೆ ಕುಳಿತವರು ಭಾಯಿ ಬಚಿತ್ತರ್ ಸಿಂಗ್‌ಜಿ ಅವರು. ದಿಬ್ಬದ ಕೆಳಗಿನ ಕೇರಿಯಿಂದ ಯಾರೇ ಹತ್ತಿ ಬಂದರೂ, ಚಪ್ಪಲಿ ತೆಗೆದುಕೊಳ್ಳುವ ಮೊದಲು, ಹೊಟ್ಟಿಗಿ ಏನರ ತಿಂದೀರೇನ ಎಂದು ಕನ್ನಡದಲ್ಲಿ ಕೇಳುತ್ತಿದ್ದರು. ಪ್ರತಿ ಭಾನುವಾರದ ಅರ್ದಾಸಿನ ಕೊನೆಗೆ ಅದೇ ಎರಡು ಮಾತು ಹೇಳುತ್ತಿದ್ದರು. ಹೇಳಿದ ಮೇಲೆ ಸಂಗತ್ ಎಲ್ಲ ಕುಳಿತುಕೊಂಡರೂ ಅವರೊಬ್ಬರು ಇನ್ನಷ್ಟು ಹೊತ್ತು ಕಣ್ಣು ಮುಚ್ಚಿ, ಕಿವಿಗೊಟ್ಟು ನಿಂತೇ ಇರುತ್ತಿದ್ದರು.